ಸಾಗವಾನಿಯ ಒಪ್ಪಿಗೆ

ಮಗಳು ಸ್ನೇಹಲ ಒಂದನೆಯ ತರಗತಿಗೆ ಸೇರಿದ ದಿನವೇ ಅವಳಿಗೆ ಓದಲು ಸಾಗವಾನಿ ಮೇಜು ಮಾಡಿಸಿಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಈಗ ಅವಳು ಎಂಟನೆಯ ತರಗತಿ. ನನ್ನ ಸಾಮಿಲ್ ಕೆಲಸ ತಿಂದ ಹೊಸ ಅರಣ್ಯ ನೀತಿಯ ಪ್ರಕಾರ, ಮರ ತಾನೇ ಬಾಯಿಬಿಟ್ಟು ಒಪ್ಪಿದರಷ್ಟೇ ಕಡಿಯಬೇಕು. ಅರ್ಜಿ ಹಿಡಿದು ಮಗಳೊಂದಿಗೆ ಹಳಿಯಾಳದ ಕಾಡಿಗೆ ಹೋದೆ.

“ಮೊದ್ಲ ಮಾರ್ಕ್ಸ್ ಕಾರ್ಡ್ ತಗೀ,” ಎಂದಿತು ಸಾಗವಾನಿ. ನೋಡಿ ಎಲೆ ಒದರಿತು. “ಗಣಿತದಾಗ ಮೂವತ್ತೆಂಟಾ? ಇದಕ್ಕ ನಾ ಸಾಯ್ಬೇಕೇನ ತಂಗಿ? ತೊಂಬತ್ತು ತಗೊಂಡು ಬಾ.”

ಜೊತೆಗೆ ಬಂದಿದ್ದ ಅರಣ್ಯ ಗಾರ್ಡ್ ನಕ್ಕ. “ಹೋದ ವಾರ ಇದು ಊಟದ ಮೇಜು ಕೇಳಿದವ್ರ ಸಾರಿನ ರುಚಿ ನೋಡೇ ಬಿಡ್ತರೀ ಅಕ್ಕಾರ.”

ಅಂದಿನಿಂದ ಮಗಳು ದಿನಾ ಸಂಜೆ ಆ ಮರದ ಬುಡದಲ್ಲೇ ಕೂತು ಅದರ ಬೈಗುಳ ತಿಂದು ಅದರಿಂದಲೇ ಗಣಿತ ಕಲಿತಳು. ವಾರ್ಷಿಕ ಪರೀಕ್ಷೆಯಲ್ಲಿ ತೊಂಬತ್ತೊಂದು ಬಂತು.

“ನಾ ಮಾತಿಗೆ ತಪ್ಪಂಗಿಲ್ಲ. ಕಡೀರಿ,” ಎಂದಿತು ಮರ.

ಮಗಳು ನನ್ನ ಸೆರಗು ಎಳೆದಳು. “ಸರ್‌ನ ಕಡದ್ರ ಒಂಬತ್ತನೇ ಕ್ಲಾಸಿಗೆ ಗಣಿತ ಯಾರ್ ಹೇಳ್ತಾರವ್ವಾ?”

ನಾನು ಮೇಜು ಮಾಡಿಸಿಕೊಡಲಿಲ್ಲ.