ಯಜಮಾನರ ಕುರ್ಚಿ

"ಬಡ್ಡಿ ಮತ್ತೆ ಏರಿದೆ ಸಾರ್, ಹೊಸ ಸಾಲದ ಮಾತೇ ಬೇಡ," ಎಂದು ಬ್ಯಾಂಕಿನವರು ಕಡತ ಮುಚ್ಚಿದಾಗ, ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಯಜಮಾನರು ತಮ್ಮ ಕಚೇರಿಯ ಎಸಿ ಗಾಳಿಯಲ್ಲೂ ಬೆವರಿದರು. ಸಾಲ ಅಗ್ಗವಾಗಿದ್ದಾಗ ಕಾರ್ಖಾನೆಯ ಎದುರಿಗೇ ಕಟ್ಟಿಸಿದ ಗಾಜಿನ ಕಚೇರಿ ಅದು. ಈಗ ಲಾಭವೆಲ್ಲ ಅದರ ಬಡ್ಡಿಗೇ ಸಂದಾಯ. ರಸ್ತೆಯಾಚೆ ಹಳೆಯ ಯಂತ್ರ ರಟ್ಟನ್ನು ಕತ್ತರಿಸುವುದು ಬಿಟ್ಟು ಇಲಿಯಂತೆ ಕಡಿಯುತ್ತಿತ್ತು. ಹೊಸದು ಬಾರದಿದ್ದರೆ ದೊಡ್ಡ ಗಿರಾಕಿ ಕೈಬಿಡುವುದು ಖಚಿತವಾಗಿತ್ತು.

"ಈ ಕಚೇರಿ ಮಾರೋಣ ಅಣ್ಣ," ಎಂದಳು ಲೆಕ್ಕ ನೋಡುವ ತಂಗಿ. "ಸಾಲನೂ ತೀರುತ್ತೆ, ಮಷೀನೂ ಬರುತ್ತೆ. ಇಲ್ಲಿ ಇವತ್ತಿನವರೆಗೆ ಒಂದು ಪೆಟ್ಟಿಗೆ ಆದ್ರೂ ತಯಾರಾಗಿದ್ಯಾ?"

"ಆಮೇಲೆ ಸಾಹೇಬ್ರು ಕೂರೋದೆಲ್ಲಿ?" ಬ್ಯಾಂಕಿನವರು ನಕ್ಕರು.

ಯಜಮಾನರು ಎದ್ದರು. ತಮ್ಮ ಚರ್ಮದ ಕುರ್ಚಿಯನ್ನು ತಾವೇ ತಲೆಯ ಮೇಲೆ ಹೊತ್ತು ರಸ್ತೆ ದಾಟಿದರು. "ಟ್ರಾನ್ಸ್‌ಫರ್ ಆಯ್ತಾ ಸಾರ್?" ಎಂದ ಕಾವಲುಗಾರನಿಗೆ, "ಪ್ರಮೋಷನ್ನು ಕಣಯ್ಯಾ," ಎಂದರು. ಕಾರ್ಖಾನೆಯೊಳಗೆ ಖಾಲಿಯಿದ್ದ ಮೂಲೆಯಲ್ಲಿ ಕುರ್ಚಿ ಇಳಿಸಿ ಕೂತರು. ಯಂತ್ರ ನಡೆಸುವ ಮೇಸ್ತ್ರಿ ಅವರನ್ನೂ, ಹಿಂದೆಯೇ ಬಂದು ನಗುತ್ತ ನಿಂತ ತಂಗಿಯನ್ನೂ ನೋಡಿದ. ಜೇಬಿನಿಂದ ಅಳತೆ ಟೇಪು ತೆಗೆದ.

"ಸ್ವಲ್ಪ ಬಾಗಿಲ ಕಡೆ ಹಾಕ್ಕೊಳ್ಳಿ ಸಾರ್. ಅದು ಹೊಸ ಮಷೀನಿಗೆ ಅಂತ ಎರಡು ವರ್ಷದಿಂದ ಕಾದಿಟ್ಟಿರೋ ಜಾಗ."