ದಂಗೆಕೋರನ ಕಾಯಿ

ಯಾರೂ ಆಡದ ಆಟಕ್ಕೆ ಡ್ಯೂಕ್ ದಂತದ ಕಾಯಿಗಳನ್ನು ಮಾಡಿಸುತ್ತಿದ್ದ. ಒಂದು ಕಡೆಯ ಕಾಯಿಗಳ ಮೇಲೆ ಅವನ ವಂಶದವರ ಮುಖ, ಇನ್ನೊಂದು ಕಡೆ ಶತ್ರುಗಳದ್ದು.

"ಆ ದಂಗೆಕೋರನೊಬ್ಬ ಬಾಕಿ. ನಿಮ್ಮೂರಿನವನಂತೆ, ನೋಡಿದ್ದೀಯೇನೋ?"

"ನೋಡಿದೀನಿ ದೊರೆ," ಎಂದ ಕೆತ್ತನೆಗಾರ. ಆ ದಂಗೆಕೋರ ತನ್ನ ಒಡಹುಟ್ಟಿದ ತಮ್ಮನೆಂಬುದನ್ನು ಮಾತ್ರ ನುಂಗಿಕೊಂಡ.

ತಮ್ಮನದು ಎಳೆಯ ಕೋಲುಮುಖ. ಅಣ್ಣ ಬೇಕೆಂದೇ ಬೋಳುತಲೆ, ಸೊಟ್ಟ ಮೂಗು, ಜೋಲುಗಲ್ಲ ಕೆತ್ತಿದ. ಡ್ಯೂಕ್ ಆ ಕಾಯಿಯನ್ನು ಪೆಟ್ಟಿಗೆಗೆ ಹಾಕದೆ ದಳಪತಿಯ ಕೈಗಿತ್ತ.

"ಈ ಮುಖದವನನ್ನ ಹುಡುಕಿ ನೇಣಿಗೆ ಹಾಕು."

ಹುಡುಕಿ ಹುಡುಕಿ ಸಾಯಲಿ ಎಂದು ಕೆತ್ತನೆಗಾರ ಒಳಗೊಳಗೇ ನಕ್ಕ.

ಮರುದಿನ ದಳಪತಿ ಅವನ ಅಂಗಡಿಗೇ ಬಂದು ಬೆನ್ನು ತಟ್ಟಿದ. "ಏನು ಕೈಯಯ್ಯಾ ನಿಂದು, ತದ್ರೂಪ! ಸಂತೇಲಿ ಮೀನು ಮಾರ್ತಾ ಕೂತಿದ್ದ. ಹಗ್ಗ ಬಿಗಿಯೋವರೆಗೂ ನಾನಲ್ಲ ನಾನಲ್ಲ ಅಂತ ಅರಚ್ತಾನೇ ಇದ್ದ."