ಹಾರಿಹೋದ ಸಾಲು

ಅಂಗಿಗೆ ಇಸ್ತ್ರಿ ಹಾಕುತ್ತಲೇ ಅಜ್ಜಿ, ಮೊಮ್ಮಗಳ ಫೋನಿನಲ್ಲಿ ಬರುತ್ತಿದ್ದ ಹಳೆಯ ಹಾಡಿಗೆ ದನಿಗೂಡಿಸಿದಳು. ಎರಡನೇ ಚರಣದಲ್ಲಿ ಒಂದು ಸಾಲನ್ನೇ ಬಿಟ್ಟು ಮುಂದೆ ಹೋದಳು.

"ಅಜ್ಜೀ, ಒಂದು ಸಾಲು ನುಂಗಿಬಿಟ್ಯಲ್ಲ!"

"ನುಂಗಿದ್ದು ನಾನಲ್ಲ ಕಣೇ, ನಮ್ಮ ಗ್ರಾಮಫೋನ್ ರೆಕಾರ್ಡು. ನಾನೂ ತಂಗಿಯೂ ಕೂಡಿ ಕೊಂಡ ಮೊದಲನೇದು. ಮುಳ್ಳು ನಾನಿಡ್ತೀನಿ, ತಾನಿಡ್ತೀನಿ ಅಂತ ಕಿತ್ತಾಡಿ ಗೀರು ಬಿತ್ತು. ಅಲ್ಲಿಗೆ ಬಂದ್ರೆ ಹಾಡು ಹಾರಿಬಿಡ್ತಿತ್ತು. ನಾವೂ ಹಾಗೇ ಕಲಿತ್ವಿ."

"ಹಾಗಾದ್ರೆ ಇದನ್ನ ಹೀಗೆ ಹಾಡೋರು ಲೋಕದಲ್ಲೇ ನೀವಿಬ್ಬರೇ ಬಿಡು!"

ಅಜ್ಜಿಯ ಕೈ ನಿಂತಿತು. ತವರುಮನೆಯ ಆಸ್ತಿ ಪಾಲಾದಂದಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ. 'ಒಮ್ಮೆ ಬಂದು ಹೋಗು' ಎಂದು ತಂಗಿಗೆ ಬರೆದ ಕಾಗದ, ಅವಳೇ ಮೊದಲು ಬರೆಯಲಿ ಎಂಬ ಹಟದಲ್ಲಿ ವರ್ಷಗಳಿಂದ ಬೀರುವಿನಲ್ಲೇ ಉಳಿದಿತ್ತು.

ಇಸ್ತ್ರಿಪೆಟ್ಟಿಗೆ ಆರಿಸಿ, ಅಂಗಿಯನ್ನು ಅರ್ಧಕ್ಕೇ ಬಿಟ್ಟು, ಬೀರುವಿನಿಂದ ಲಕೋಟೆ ತೆಗೆದುಕೊಂಡಳು. ಬೀದಿಯ ಕೊನೆಯವರೆಗೆ ನಡೆದು ಅದನ್ನು ಅಂಚೆಪೆಟ್ಟಿಗೆಗೆ ಹಾಕಿದಳು.